ಹೂಕೋಸಿನ ಅನ್ನ

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ಮೊದಲು ನೆನಪಾದದ್ದು ತುರಿದ ಹೂಕೋಸು. ಅವರ ಮುಖ ಆಮೇಲೆ ಬಂತು, ಅದೂ ಕಿವಿಯ ಮೇಲೆ ಮಗ್ಗದ ಹತ್ತಿಯ ಎಳೆ ಅಂಟಿದ ಮುಖ. ಅವರನ್ನು ಒಳ್ಳೆಯವರು ಎನ್ನಬೇಕೋ ಪುಕ್ಕಲರು ಎನ್ನಬೇಕೋ ಎಂದು ಅವರ ಮನೆಯಲ್ಲಿ ಬಾಡಿಗೆಗಿದ್ದ ನಾಲ್ಕು ವರ್ಷವೂ ನನಗೆ ತಿಳಿಯಲಿಲ್ಲ. ಈಗ ಬರೆಯಲು ಕೂತಾಗಲೂ ತಿಳಿದಿಲ್ಲ. ಹೆಸರು ಹಾಕುವುದಿಲ್ಲ. ಹೇಳಬೇಕಾದದ್ದರಲ್ಲಿ ಅವರ ತಪ್ಪೂ ಒಂದಿದೆ, ಮತ್ತು ಅವರ ಓಣಿಯವರು ಪೇಪರು, ಪುಸ್ತಕ ಎಲ್ಲ ಓದುವ ಪೈಕಿ.

ನಾನು ಜಮಖಂಡಿಯವಳು. ಬನಹಟ್ಟಿಯ ಸಾಲೆಗೆ ವರ್ಗವಾಗಿ ಬಂದು ಬಾಡಿಗೆ ಕೋಣೆ ಹುಡುಕುತ್ತಿದ್ದಾಗ ಯಾರೋ ಅವರ ಮನೆ ತೋರಿಸಿದರು. ಮುಂದೆ ನಾಲ್ಕು ಪಾವರಲೂಮ್ ಮಗ್ಗಗಳ ಶೆಡ್ಡು, ಹಿಂದೆ ಮನೆ, ಮೇಲೆ ಮಾಳಿಗೆಯಲ್ಲಿ ಒಂದು ಕೋಣೆ. ಶೆಡ್ಡಿನ ಬಾಗಿಲಲ್ಲಿ ನಿಂತು ನಾನು ಕೂಗಿದೆ. ಅವರು ಮಗ್ಗ ನಿಲ್ಲಿಸಲಿಲ್ಲ. ಲಾಳಿಯ ಮೇಲೆ ಕಣ್ಣಿಟ್ಟೇ, "ಒಳಗ ಹೋಗ್ರಿ, ಮನ್ಯಾಗ ಅದಾರ, ಮಾತಾಡ್ರಿ" ಎಂದು ಕಿರುಚಿದರು. ಆ ಗದ್ದಲದಲ್ಲಿ ಇಡೀ ಓಣಿ ಕಿರುಚಿಯೇ ಮಾತಾಡುತ್ತದೆ. ಸಂಸಾರದ ಗುಟ್ಟು ಅಲ್ಲಿ ಉಳಿಯುವುದು ಹೇಗೆ ಎಂದು ನನಗೆ ಆಗ ಅಚ್ಚರಿ.

ಮಗ್ಗ ನಿಲ್ಲಿಸುವುದರ ಅರ್ಥ ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಆ ಓಣಿಯಲ್ಲಿ "ಬರ್ರಿ, ಕೂಡ್ರಿ" ಎನ್ನುವುದು ಬಾಯಿಮಾತು. ಖರೆ ಮರ್ಯಾದೆ ಇರುವುದು ಮಗ್ಗ ನಿಲ್ಲಿಸುವುದರಲ್ಲಿ. ಬಂದವರು ದೊಡ್ಡವರೋ ಹತ್ತಿರದವರೋ ಆದರೆ ಗುಂಡಿ ಒತ್ತಿ, ಕೈ ಒರೆಸಿಕೊಂಡು ಎದ್ದು ಬರಬೇಕು. ನಿಲ್ಲಿಸದೆ ಮಾತಾಡಿಸಿದರೆ, ಬಂದವನು ನೂಲಿನ ಪಿಂಡಿ ತಂದ ಆಳಿಗೆ ಸಮ. ಕಾಕಾ ನಾನಿದ್ದ ಮೊದಲ ಮೂರು ವರ್ಷದಲ್ಲಿ ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡದ್ದು ಎರಡು ಸಲ: ಒಮ್ಮೆ ಮಠದ ಸ್ವಾಮಿಗಳು ಬಂದಾಗ, ಇನ್ನೊಮ್ಮೆ ಕರೆಂಟಿನ ಲೈನ್‌ಮನ್ ಬಂದಾಗ. ಎರಡನೆಯವನಿಗೆ ಚಹಾ ಕೂಡ ಆಯಿತು.

ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಅರ್ಧ ಮರಾಠಿ ನಡೆಯುತ್ತದೆ, ಹಾಗಾಗಿ ಕಾಕಾ, ಕಾಕು. ಅವರಿಬ್ಬರೂ ನನ್ನನ್ನು ಕರೆಯುತ್ತಿದ್ದದ್ದು ಅಕ್ಕೋರ ಎಂದು, ಅಲ್ಲಿ ಸಾಲೆಯ ಹೆಣ್ಣುಮಕ್ಕಳನ್ನು ಎಲ್ಲರೂ ಕರೆಯುವ ಹಾಗೆ. ಹೋದ ಮೊದಲ ವಾರವೇ ಕಾಕು ಒಂದು ಬಟ್ಟಲು ಪಲ್ಯ ಕೊಟ್ಟರು. ಉಪ್ಪು ಉಪ್ಪು. ಮರುವಾರ ಸಾರು ಕೊಟ್ಟರು, ಉಪ್ಪೇ ಇಲ್ಲ. ಕೇಳುವುದೋ ಬಿಡುವುದೋ ಎಂದು ನಾನು ಒದ್ದಾಡುತ್ತಿದ್ದಾಗ ಕಾಕುವೇ ಹೇಳಿದರು: "ಉಪ್ಪ ನೋಡಾಕ ಬರಂಗಿಲ್ಲರಿ ನನಗ. ಒಲಿ ಕಂಡಿದ್ದು ನಾ ಬಾಯಾಗ ಇಡಂಗಿಲ್ಲ."

ಆಗ ವ್ರತದ ಕಥೆ ಗೊತ್ತಾಯಿತು. ಕಾಕುವಿನ ತವರು ಬೀಳಗಿ ಕಡೆ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಆಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗಡೆಯಾಯಿತು. ಒಬ್ಬನೇ ಅಣ್ಣ, ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿಗೆ ಹೋದ. ಅಲ್ಲಿಯವರೆಗೆ ಪ್ರತಿ ವರ್ಷ ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಬರುತ್ತಿದ್ದವನು ಆ ವರ್ಷ ಬರಲಿಲ್ಲ. ಕಾಕು ಸೀರೆ ಚೀಲಕ್ಕೆ ತುಂಬಿಕೊಂಡು, ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ದಿನವೂ ಪಂಚಮಿಯ ದಿನವೂ ಕಾದರು. ಸಂಜೆ ಚೀಲ ಬಿಚ್ಚಿಟ್ಟು, ಗಂಡನ ಎದುರೇ ಹೇಳಿದರಂತೆ: ಅಣ್ಣ ಬಂದು ಕರೆಯುವತನಕ ಬೆಂಕಿಯ ಮೇಲಿಟ್ಟಿದ್ದೇನೂ ನನ್ನ ಬಾಯಿಗೆ ಬೇಡ.

ಹರಕೆ ಹೊರುವವರು ಅನ್ನ ಬಿಡುತ್ತಾರೆ, ಬೆಲ್ಲ ಬಿಡುತ್ತಾರೆ. ಒಲೆಯನ್ನೇ ಬಿಟ್ಟವರನ್ನು ನಾನು ಕಂಡಿರಲಿಲ್ಲ. ಓಣಿಗೂ ಅದು ಹೊಸದು. ಹಾಗಾಗಿ ಬಂದವರದೆಲ್ಲ ಒಂದೊಂದು ತಕರಾರು. ಬೆಲ್ಲ ನಡೆಯುತ್ತದೆ ಎಂದು ಒಬ್ಬಾಕೆ ಮಹಾಲಿಂಗಪುರದಿಂದ ಪೆಂಟೆ ತಂದರು. ಗಾಣದ ಕೊಪ್ಪರಿಗೆಯಲ್ಲಿ ಕುದಿಸಿದ್ದಲ್ಲವೇ ಎಂದು ಕಾಕು ವಾಪಸು ಕೊಟ್ಟರು. ಚುರುಮುರಿ ಹುರಿದದ್ದು. ಹಾಲು ಕಾಸಿದ್ದು, ಮೊಸರಿಗೂ ಹಾಲು ಕಾಸಬೇಕು. ಉಪ್ಪು ಬಿಸಿಲಿಗೆ ಒಣಗಿದ್ದು, ಬಿಸಿಲು ಬೆಂಕಿಯೇ ಅಲ್ಲವೇ ಎಂದು ಒಬ್ಬ ಮುದುಕ ವಾದ ಹೂಡಿದಾಗ ಕಾಕು ಕೈಮುಗಿದು ಅವನನ್ನು ಹೊರಗೆ ಕಳಿಸಿದರು. ಕೊನೆಗೆ ಉಳಿದದ್ದು ನೆನೆಸಿದ ಕಾಳು, ಸೌತೆಕಾಯಿ, ಗಜ್ಜರಿ, ಬಾಳೆಹಣ್ಣು, ಹಸಿ ಶೇಂಗಾ. ಇಷ್ಟರ ಮೇಲೆ ಅವರು ಗಂಡನಿಗೆ ದಿನಾ ಎರಡು ಹೊತ್ತು ರೊಟ್ಟಿ ಬಡಿಯುತ್ತಿದ್ದರು. ಕಾಕಾ ಉಪ್ಪು ಹೆಚ್ಚಾದರೂ ಕಮ್ಮಿಯಾದರೂ ಒಂದು ಮಾತಾಡದೆ ಉಣ್ಣುತ್ತಿದ್ದರು.

ಎಲ್ಲರೂ ಅವರಿಗೆ ಹೇಳುತ್ತಿದ್ದ ಮಾತು ಒಂದೇ. ನಾನೂ ಹೇಳಿದೆ. "ಕಾಕಾ, ಬೀಳಗಿ ಏನ ದೂರ ಐತ್ರಿ? ನೀವ ಹೋಗಿ ಅವರ ಅಣ್ಣನ್ನ ಕರಕೊಂಡ ಬರ್ರಿ, ಮುಗೀತಲ್ಲ."

ಅವರು ಹಾಸಿನ ನೂಲು ಸುತ್ತಿದ ಬೀಮಿನ ಮೇಲೆ ಹೆಬ್ಬೆರಳು ಒತ್ತಿ ಬಿಗಿ ನೋಡುತ್ತ, "ನೋಡೂನ್ರಿ" ಎಂದರು. ವರ್ಷವಿಡೀ ನೋಡೂನ್ರಿ. ಹೆಂಡತಿ ಕಣ್ಣೆದುರು ಸೊರಗುತ್ತಿದ್ದಾಳೆ, ಈ ಮನುಷ್ಯ ನೂಲಿನ ಬಿಗಿ ನೋಡುತ್ತಾನಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಜೊತೆಗೆ ಓಣಿಯಲ್ಲಿ ಇನ್ನೊಂದು ಸುದ್ದಿ: ಕಾಕಾ ಆಗಾಗ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೇ ಕೂತು ಮಿರ್ಚಿ ಭಜಿ ತಿನ್ನುತ್ತಾರೆ. ನಮ್ಮ ಅಪ್ಪನೇ ಒಮ್ಮೆ ಕಂಡಿದ್ದರು. ಮನೆಯಲ್ಲಿ ಹೆಂಡತಿ ಉಪವಾಸ, ಇವರಿಗೆ ಭಜಿ! ನಾನು ಆ ತಿಂಗಳು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಂಥ ಮನುಷ್ಯ ಸುಶಿ ಮಾಡಿದ್ದು ಹೇಗೆ ಎಂದು ಈಗ ಹೇಳುತ್ತೇನೆ. ರವಿವಾರದ ಪೇಪರಿನ ಪುರವಣಿಯಲ್ಲಿ ಒಂದು ಚಿತ್ರ ಬಂದಿತ್ತು. ಎಲೆಯಲ್ಲಿ ಬಿಗಿಯಾಗಿ ಸುತ್ತಿ, ಬಿಲ್ಲೆಬಿಲ್ಲೆಯಾಗಿ ಕೊಯ್ದ ಜಪಾನಿನ ಅನ್ನದ ಸುರುಳಿ, ಸುಶಿ ಎಂದು ಹೆಸರು. ಮೀನಿಲ್ಲದೆ, ಬೇಯಿಸದೆ, ಅನ್ನದ ಬದಲು ಹೂಕೋಸು ತುರಿದು ಮಾಡುವ ಬಗೆ ಎಂದು ಕೆಳಗೆ ಬರೆದಿತ್ತು. ನಾನು ನಗಾಡುತ್ತ ಮೆಟ್ಟಿಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕರೆಂಟು ಹೋಗಿ ಮಗ್ಗ ನಿಂತಿದ್ದವು. ಕಾಕಾ ಶೆಡ್ಡಿನಿಂದ ಎದ್ದು ಬಂದರು.

"ಕುದಸೂದ ಇಲ್ಲೇನ್ರಿ?"

"ಇಲ್ರಿ."

"ಮತ್ತ ಅನ್ನದಂಗ ಆಕ್ಕೈತಂತ?"

"ಹಂಗಂತ ಬರದಾರ್ರಿ."

ಅವರು ಆ ಹಾಳೆಯನ್ನು ಕೇಳಿ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ನನಗೆ ಮತ್ತೆ ಅದು ಸಿಗಲಿಲ್ಲ.

ಮೊದಲ ಪ್ರಯತ್ನ ನೆನೆದರೆ ಈಗಲೂ ಗಂಟಲು ಕೆರೆಯುತ್ತದೆ. ಪುರವಣಿಯಲ್ಲಿ ಸಮುದ್ರದ ಕಪ್ಪು ಎಲೆ ಎಂದು ಇತ್ತು. "ನಮ್ಮಲ್ಲಿ ಸಮುದ್ರ ಎಲ್ಲಿಂದ ಬರಬೇಕ್ರಿ, ಹಿನ್ನೀರ ಐತಿ" ಎಂದು ಅವರು ಹಿತ್ತಲಿನ ಮೋರಿ ಪಕ್ಕದ ಕೆಸವಿನ ಎಲೆ ಕೊಯ್ದು ತಂದರು. ಅದರಲ್ಲೇ ಹಿಟ್ಟು ಸವರಿ ಸುರುಳಿ ಸುತ್ತಿ ಉಗಿಯಲ್ಲಿ ಬೇಯಿಸಿ ನಮ್ಮ ಕಡೆ ವಡೆ ಮಾಡುತ್ತೇವಲ್ಲ. ಸುರುಳಿ ಎಂದಮೇಲೆ ಆ ಎಲೆಯೇ ಎಂದು ಅವರ ಲೆಕ್ಕ. ಬೇಯಿಸದಿದ್ದರೆ ಕೆಸವು ತುರಿಸುತ್ತದೆ ಎನ್ನುವುದು ಮೂವರಿಗೂ ಗೊತ್ತಿದ್ದ ಮಾತೇ. ಮೂವರಿಗೂ ಆ ಹೊತ್ತಿಗೆ ನೆನಪಾಗಲಿಲ್ಲ. ಕಾಕು ಒಂದು ತುಂಡು, ನಾನು ಒಂದು ತುಂಡು ತಿಂದೆವು. ಐದು ನಿಮಿಷಕ್ಕೆ ಇಬ್ಬರೂ ಹುಣಸೆಹಣ್ಣು ಬಾಯಿಗೆ ಒತ್ತಿಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದೆವು. ಮರುದಿನ ನಾನು ಸಾಲೆಯಲ್ಲಿ ಬೋರ್ಡಿನ ಮೇಲೆ ಬರೆದೇ ಪಾಠ ಮುಗಿಸಿದೆ. ಕಾಕಾ ಮಾತ್ರ ತಿಂದಿರಲಿಲ್ಲ. "ಹಸೀದು ದನಾ ತಿಂತಾವ" ಎನ್ನುವುದು ಅವರ ಖಾಯಂ ಮಾತು. ಆದರೆ ಆ ದಿನ ಕಾಕು ಊದಿದ ತುಟಿಯಲ್ಲೇ ನಕ್ಕರು. ಅವರು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾಕಾ ಕಂಡು ಎಷ್ಟು ದಿನವಾಗಿತ್ತೋ, ಬಾಗಿಲಿಗೆ ಒರಗಿ ನೋಡುತ್ತಲೇ ನಿಂತಿದ್ದರು.

ಆಮೇಲೆ ಅವರು ಹಿಂದೆ ಸರಿಯಲಿಲ್ಲ. ನವಲಕೋಲು ತುರಿದರು, ನೀರುನೀರಾಯಿತು. ಮೂಲಂಗಿ ತುರಿದರು, ಮನೆಯೆಲ್ಲ ನಾರಿತು. ಹೂಕೋಸನ್ನೇ ತುರಿದು, ತಮ್ಮ ಮಗ್ಗದ್ದೇ ಹೊಸ ಬಟ್ಟೆಯಲ್ಲಿ ಕಟ್ಟಿ ಹಿಂಡಿದರು. ಅಂಟಿಕೊಳ್ಳಲಿ ಎಂದು ನೆನೆಸಿದ ಹಸಿ ಶೇಂಗಾ ರುಬ್ಬಿ ಸೇರಿಸಿದರು, ಹುಳಿಗೆ ನಿಂಬೆ. ಎಷ್ಟಕ್ಕೆ ಎಷ್ಟು ಎಂದು ನಾನು ಕೇಳಿದರೆ ಹೇಳುತ್ತಿರಲಿಲ್ಲ. ಅಡುಗೆಮನೆ ಬಾಗಿಲು ಹಾಕಿಕೊಂಡು ಕಲಸುತ್ತಿದ್ದರು. ಸುತ್ತುವ ಕೆಲಸಕ್ಕೆ ಮಾತ್ರ ಹೊರಗೆ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು, ಅದನ್ನು ನಾಲ್ಕು ಜನ ನೋಡಲಿ ಎನ್ನುವ ಆಸೆ ಇತ್ತೆಂದು ಕಾಣುತ್ತದೆ.

ನೋಡುವಂತೆಯೂ ಇತ್ತು. ಹಾಸು ಬೀಮಿಗೆ ಸುತ್ತುವಾಗ ನಡುವೆ ಇಡುವ ಬಿದಿರಿನ ತೆಳ್ಳನೆ ಕಡ್ಡಿಗಳನ್ನು ನೂಲಿನಿಂದ ಹೆಣೆದು ಅಂಗೈ ಅಗಲದ ಚಾಪೆ ಮಾಡಿಕೊಂಡಿದ್ದರು. ಅದರ ಮೇಲೆ ಪಾಲಕದ ಎಲೆಗಳನ್ನು ಒಂದರ ಅಂಚು ಒಂದಕ್ಕೆ ಹತ್ತುವಂತೆ ಹಾಸಿ, ಹೂಕೋಸಿನ ಅನ್ನ ಹರಡಿ, ನಡುವೆ ಗಜ್ಜರಿ, ಸೌತೆಕಾಯಿ, ಮಾವಿನಕಾಯಿಯ ಸೀಳು ಇಟ್ಟು ಸುತ್ತುವರು. "ಬಿಗಿ ಇರಬೇಕ್ರಿ ಅಕ್ಕೋರ, ಆದ್ರ ಹರೀಬಾರದು" ಎನ್ನುವರು. ಬೀಮು ಸುತ್ತುವಾಗಲೂ ಅವರು ಇದನ್ನೇ ಹೇಳುತ್ತಿದ್ದರು. ಕೊಯ್ಯಲು ಚಾಕು ಬಳಸುತ್ತಿರಲಿಲ್ಲ. ಹುರಿ ಮಾಡಿ ನೀರಲ್ಲಿ ಅದ್ದಿದ ನೂಲನ್ನು ಸುರುಳಿಗೆ ಒಂದು ಸುತ್ತು ಹಾಕಿ ಎರಡೂ ತುದಿ ಜಗ್ಗಿದರೆ ಬಿಲ್ಲೆ ನುಣ್ಣಗೆ ಕಳಚಿ ಬೀಳುತ್ತಿತ್ತು.

ಕಾಕು ತಿಂದರು. ದಿನಾ ತಿಂದರು. ಒಂದು ವರ್ಷದಲ್ಲಿ ಅವರ ಬಳೆಗಳು ಮೊಳಕೈವರೆಗೆ ಜಾರುವುದು ನಿಂತಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ತಲೆ ಕೆಟ್ಟೂ ಹೋಯಿತು. ಒಂದು ಬಸ್ಸು ಹತ್ತಿ ಬೀಳಗಿಗೆ ಹೋದರೆ ಮುಗಿಯುವ ಕೆಲಸಕ್ಕೆ ಈ ಮನುಷ್ಯ ವರ್ಷಗಟ್ಟಲೆ ಹೂಕೋಸು ಹಿಂಡುತ್ತಾನಲ್ಲ, ಇದು ಎಂಥ ಪ್ರೀತಿ? ಎರಡು ಪಂಚಮಿ ನನ್ನ ಕಣ್ಣೆದುರೇ ಬಂದು ಹೋದವು. ಅಣ್ಣ ಬರಲಿಲ್ಲ.

ಮೂರನೆಯ ಪಂಚಮಿಗೆ ಹತ್ತು ದಿನ ಇರುವಾಗ ಕಾಕಾ ಎಡವಿದರು. ತುರಿದರೆ ಪುಡಿಯಾಗುತ್ತದೆ, ಅಗುಳು ಅಗುಳಾಗಿ ಬರುವುದಿಲ್ಲ ಎನ್ನುವ ಕೊರಗು ಅವರಿಗೆ ಮೊದಲಿಂದ ಇತ್ತು. ಆ ದಿನ ಎರಡು ತಾಸು ಕೂತು, ಹೂಕೋಸಿನ ತುದಿಗಳನ್ನು ಸಣ್ಣ ಚಾಕುವಿನಿಂದ ಒಂದೊಂದಾಗಿ ಅಕ್ಕಿಕಾಳಿನಷ್ಟಕ್ಕೆ ಕತ್ತರಿಸಿದರು. ನೇಯುವವರ ಕಣ್ಣು, ಒಂದಕ್ಕೊಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಬಿಲ್ಲೆಯನ್ನು ತಟ್ಟೆಯಲ್ಲಿಟ್ಟಾಗ ನಾನೇ ಮೋಸಹೋದೆ. ಕಾಕು ಬಾಯಿಗಿಟ್ಟು ಎರಡು ಸಲ ಅಗಿದರು. ಹೊರಗೆ ಹೋಗಿ ಉಗುಳಿ ಬಂದರು.

"ಅನ್ನ ತಿನಿಸಿದ್ರಲ್ಲ ನನಗ" ಎಂದರು.

"ಅನ್ನ ಅಲ್ಲಲೇ, ಹೂಕೋಸು. ಅಕ್ಕೋರನ್ನ ಕೇಳ."

"ನಾಲಿಗಿಗೆ ಅನ್ನಾನ ಹತ್ತೇತಿ. ನಾ ಬಿಟ್ಟಿದ್ದು ಅನ್ನದ ಸುಖಾ ರೀ. ಅದನ್ನ ಹಿತ್ತಲ ಬಾಗಲದಿಂದ ತಂದು ಬಾಯಾಗ ಇಟ್ರಿ. ಮುರದ್ರಿ ನನ್ನ ವ್ರತಾ."

ನಾನು ಅವರ ಪರವಾಗಿ ಸಾಕ್ಷಿ ಹೇಳಿದೆ. ಹೂಕೋಸಿನ ದಂಟು ತಂದು ತೋರಿಸಿದೆ. ಯಾವುದೂ ನಡೆಯಲಿಲ್ಲ. ಅಂದಿನಿಂದ ಕಾಕು ಕಾಳನ್ನೂ ಹಣ್ಣನ್ನೂ ಬಿಟ್ಟರು. ಬರೀ ನೀರು. ಎರಡನೆಯ ದಿನ ಸಾಲೆಯಿಂದ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದರು. ಆದರೂ ಒಲೆಯ ಮೇಲೆ ಗಂಡನ ರೊಟ್ಟಿಗೆ ಹಂಚು ಇತ್ತು.

ಆ ಸಂಜೆ ಕಾಕಾ ನನ್ನ ಕೋಣೆಯ ಮೆಟ್ಟಿಲಿನ ಮೇಲೆ ಬಂದು ಕೂತರು. ಕೆಳಗೆ ಮಗ್ಗ ಓಡುತ್ತಲೇ ಇದ್ದವು. ಆ ಗದ್ದಲ ಇದ್ದದ್ದರಿಂದಲೇ ಅವರಿಗೆ ಮಾತು ಬಂತೋ ಏನೋ.

"ಅಕ್ಕೋರ, ಆಕೀ ಅಣ್ಣ ಬಂದಿದ್ದರಿ."

"ಯಾವಾಗ?"

"ಮೊದಲನೇ ವರ್ಷಾನ. ರೊಟ್ಟಿ ಹಬ್ಬದ ದಿನ ಮುಂಜಾನೆ. ಶೆಡ್ಡಿನ ಬಾಗಲದಾಗ ನಿಂತ, ತಂಗೀನ ಕರಿಯಾಕ ಬಂದೇನಿ ಅಂದ. ನನಗ ಆರ್ಡರಿನ ಗಡಿಬಿಡಿ. ಮಗ್ಗ ನಿಂದರಸಲಿಲ್ಲ. ತಗಡಿನ ಶೆಡ್ಡಿಗೆ ಯಾಕ ಕರೀತಿ ಆಕೀನ, ಮನಿ ಆದಮ್ಯಾಲ ಬಾ ಅಂದೆ. ಅಂವ ಒಂದ ಗಳಿಗಿ ನಿಂತ. ಹೊಳ್ಳಿ ಹೋದ."

"ಕಾಕುಗ ಹೇಳಲಿಲ್ಲೇನ್ರಿ?"

"ಸಂಜಿಕ ಹೇಳೂನು ಅಂದೆ. ಆಗಲಿಲ್ಲ. ಮರುದಿನ ಹೇಳೂನು ಅನ್ನೂದರಾಗ ಆಕಿ ವ್ರತಾ ಹಿಡದ್ಲು. ಹಿಡದಮ್ಯಾಲ ಹೆಂಗ ಹೇಳೂದ್ರಿ?"

ಬೀಳಗಿಗೆ ಹೋಗಬೇಕೆಂದು ಅವರು ಎಷ್ಟೋ ಸಲ ಹೊರಟಿದ್ದರಂತೆ. ಜಮಖಂಡಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಇಳಿದೊಡನೆ ಕಾಲು ಏಳುತ್ತಿರಲಿಲ್ಲ. ಭಜಿ ತಿಂದು, ಬೀಳಗಿ ಬಸ್ಸು ಹೋಗುವುದನ್ನು ನೋಡಿ, ಬನಹಟ್ಟಿ ಬಸ್ಸು ಹತ್ತಿ ಬರುತ್ತಿದ್ದರು. ಭಜಿಯ ಸುದ್ದಿ ಕೇಳಿ ನಾನು ಮಾತು ಬಿಟ್ಟಿದ್ದೆನಲ್ಲ, ಈಗ ಇನ್ನೂ ಸಿಟ್ಟಾಗಬೇಕೋ ಮರುಗಬೇಕೋ ತಿಳಿಯಲಿಲ್ಲ. "ನೀವ ಹೇಳ್ರಿ ಆಕೀಗೆ" ಎಂದರು. ನಾನು ಆಗುವುದಿಲ್ಲ ಎಂದೆ. "ಹಂಗಾರ ಬೀಳಗಿತನಕರ ಬರ್ರಿ. ಒಬ್ಬನ ಹೋದ್ರ ಮತ್ತ ಜಮಖಂಡ್ಯಾಗ ಕೂಡ್ತೇನಿ" ಎಂದರು. ಅದಕ್ಕೆ ಒಪ್ಪಿದೆ.

ಮರುದಿನ ರಜೆ ಹಾಕಿ ಹೊರಟೆ. ಕಾಕಾ ಸ್ಟೀಲಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡಿದ್ದರು. ಜಮಖಂಡಿಯಲ್ಲಿ ನಾನು ಅವರ ಮುಂದೆ ನಡೆದು ಬೀಳಗಿ ಬಸ್ಸು ಹತ್ತಿಸಿದೆ. ಪುನರ್ವಸತಿ ಕೇಂದ್ರದಲ್ಲಿ ಅಣ್ಣನ ಮನೆ ಎದ್ದು ನಿಂತಿತ್ತು. ತಗಡು ಈಗ ದನದ ಕೊಟ್ಟಿಗೆಗೆ ಹೋಗಿತ್ತು. ಅವರು ಕಟ್ಟೆಯ ಮೇಲೆ ಕೂತಿದ್ದರು, ಏಳಲಿಲ್ಲ. ಬರ್ರಿ ಎನ್ನಲೂ ಇಲ್ಲ. ಕಾಕಾ ತಪ್ಪಾಯಿತು ಎನ್ನುತ್ತಾರೆಂದು ನಾನು ಕಾದೆ. ಅವರು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದರು.

"ಇದೇನ?" ಎಂದರು ಅಣ್ಣ.

"ನಿನ್ನ ತಂಗಿ ಊಟ. ನೀ ಬಂದು ಕರಿಯೋತನಕ ಒಲಿ ಕಂಡಿದ್ದು ತಿನ್ನಂಗಿಲ್ಲ ಅಂತ ಕೂತಾಳ. ಮೂರು ವರ್ಷ ಆತು. ಈಗ ಇದನ್ನೂ ಬಿಟ್ಟಾಳ."

ಅಣ್ಣನಿಗೆ ವ್ರತದ ಸುದ್ದಿಯೇ ಇರಲಿಲ್ಲ. ಒಂದು ಬಿಲ್ಲೆ ತೆಗೆದು ಬಾಯಿಗಿಟ್ಟರು. ಬಹಳ ಹೊತ್ತು ಅಗಿದರು. ಕಣ್ಣಲ್ಲಿ ನೀರು ಬಂದು ಮೀಸೆಗೆ ಇಳಿಯಿತು. ಆಮೇಲೆ ಕಾಕಾನ ಮುಖ ನೋಡಿ ಒಂದೇ ಮಾತು ಹೇಳಿದರು.

"ನಮ್ಮ ತಗಡಿನ ಶೆಡ್ಡಿನಾಗೂ ಒಲಿ ಇತ್ತು."

ಕಾಕಾ ಡಬ್ಬಿಯ ಮುಚ್ಚಳ ಹಾಕಿದರು. ಬರುತ್ತೇನೆ ಎಂದು ಅಣ್ಣ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಮನೆಗೆ ಬಂದು ನಾನು ಕಾಕುವಿಗೆ ಎರಡು ಬಾಳೆಹಣ್ಣು ತಿನ್ನಿಸಿದೆ. ನನ್ನ ತಲೆಯ ಮೇಲೆ ಆಣೆ ಇಟ್ಟು ತಿನ್ನಿಸಬೇಕಾಯಿತು. ಮರುದಿನದಿಂದ ಕಾಳು, ಹಣ್ಣು ಮತ್ತೆ ಸುರುವಾದವು.

ಪಂಚಮಿಯ ದಿನ ಮಧ್ಯಾಹ್ನ ನಾನು ಮಾಳಿಗೆಯಲ್ಲಿದ್ದೆ. ಇದ್ದಕ್ಕಿದ್ದಂತೆ ಮಗ್ಗಗಳ ಸದ್ದು ನಿಂತಿತು. ಒಂದು, ಎರಡು, ಮೂರು, ನಾಲ್ಕು. ಎದುರು ಮನೆಯಾಕೆ ಹೊರಗೆ ಬಂದು, "ಕರೆಂಟ ಹೋತೇನ್ರೀ?" ಎಂದು ಕೇಳಿದರು. ಅವರ ಮನೆಯ ಮಗ್ಗ ಓಡುತ್ತಲೇ ಇತ್ತು. ನಾನು ಬಗ್ಗಿ ನೋಡಿದೆ. ಶೆಡ್ಡಿನ ಬಾಗಿಲಲ್ಲಿ ಕಾಕುವಿನ ಅಣ್ಣ, ಕೈಯಲ್ಲಿ ತೆಂಗಿನಕಾಯಿಯ ಚೀಲ. ಕಾಕಾ ಕೈ ಒರೆಸಿಕೊಳ್ಳುತ್ತ ಎದ್ದು ಬಂದರು. ಕಾಲಿಗೆ ನೀರು ಅವರೇ ಕೊಟ್ಟರು.

ಅಂದಿನ ಸುರುಳಿ ತಯಾರಿತ್ತು. ತುರಿದದ್ದು, ಕತ್ತರಿಸಿದ್ದಲ್ಲ. ಆದರೆ ಪಂಚಮಿಯ ದಿನ ಏನನ್ನೂ ಕೊಯ್ಯುವಂತಿಲ್ಲ, ಹಂಚು ಇಡುವಂತಿಲ್ಲ. ತುರಿಯುವುದೂ ಸುತ್ತುವುದೂ ಅವರು ಹಿಂದಿನ ದಿನವೇ ಮುಗಿಸಿದ್ದರು, ಬಿಲ್ಲೆ ಮಾಡುವುದು ಉಳಿದಿತ್ತು. ಕಾಕಾ ನೂಲು ತೆಗೆದಾಗ ಕಾಕು, "ದಾರಾ ಆದ್ರೇನು, ಕೊಯ್ದಂಗ ಅಲ್ಲೇನ್ರಿ?" ಎಂದು ತಡೆದರು. ಸುರುಳಿ ತಟ್ಟೆಯಲ್ಲಿ ಹಾಗೇ ಇತ್ತು. ಅಣ್ಣ ಅದನ್ನು ಕೈಯಿಂದಲೇ ಎರಡು ಮಾಡಿ, ಒಂದನ್ನು ತಂಗಿಯ ಬಾಯಿಗೆ ಇಟ್ಟು, "ನಡಿ ಬೇ, ಜೋಕಾಲಿ ಕಟ್ಟೇನಿ" ಎಂದರು. ಕಾಕು ತಿಂದು, ಒಳಗೆ ಹೋಗಿ ಅಕ್ಕಿ ತೊಳೆದರು. ಆ ದಿನದ ಸಾರಿಗೆ ಉಪ್ಪು ಸರಿಯಾಗಿತ್ತು.

ಇದಾದ ಮರುವರ್ಷ ನನಗೆ ಮುಧೋಳಕ್ಕೆ ವರ್ಗವಾಯಿತು. ಕಾಕಾ ಹೆಂಡತಿಗೆ ನಿಜ ಹೇಳಿದರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಣ್ಣ ಹೇಳಿರಬಹುದೇ? ಅದೂ ಗೊತ್ತಿಲ್ಲ. ಹೆಂಡತಿಯನ್ನು ಉಪವಾಸ ಕೆಡವಿದವರೂ ಅವರೇ, ಉಣ್ಣಿಸಿದವರೂ ಅವರೇ. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ನನಗೆ ಈ ಹತ್ತು ವರ್ಷದಲ್ಲಿ ಆಗಿಲ್ಲ.

ಸುದ್ದಿ ಕೇಳಿ ನಾನು ಬನಹಟ್ಟಿಗೆ ಹೋದೆ. ಮಗ್ಗ ಎರಡೇ ಉಳಿದಿದ್ದವು, ಸೂತಕಕ್ಕೆ ನಿಂತಿದ್ದವು. ಕಾಕು ನನ್ನನ್ನು ಒಳಗೆ ಕೂರಿಸಿಕೊಂಡರು. ಬಂದವರೆಲ್ಲ ಹೋದಮೇಲೆ ಅವರೇ ಮಾತು ತೆಗೆದರು.

"ಅಕ್ಕೋರ, ನನ್ನ ಅಣ್ಣ ಬಂದು ಹೋದ ಮಾತು ಅವರು ನಿಮಗ ಹೇಳಿದ್ರಲ್ಲ?"

"ನಿಮಗ ಹೆಂಗ ಗೊತ್ತಾತ್ರಿ ಕಾಕು?"

"ನಾ ಅವತ್ತ ಮಾಳಿಗಿ ಮ್ಯಾಲ ಅರಿವಿ ಒಣ ಹಾಕಾಕತ್ತಿದ್ದೆ. ಅಣ್ಣ ಬಂದಿದ್ದೂ ಕಂಡೆ, ಹೊಳ್ಳಿ ಹೋಗಿದ್ದೂ ಕಂಡೆ. ಮಗ್ಗ ಒಂದೂ ನಿಂದರಲಿಲ್ಲ. ಓಡಿ ಕೆಳಗ ಬರೂದರಾಗ ಓಣಿ ದಾಟಿದ್ದ."

"ಹಂಗಾರ ಮೂರು ವರ್ಷ ಆ ವ್ರತಾ ಯಾಕ್ರಿ?"

"ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ಕಾದೆ."

"ಹೇಳಿದ್ರೇನ್ರಿ?"

"ಎಲ್ಲಿ ಹೇಳಿದ್ರು. ನಾಲ್ಕೂ ಮಗ್ಗ ನಿಂದರಸಿದ್ರು. ಅದರಾಗ ತಿಳಕೊಂಡೆ."

ನನಗೆ ಆಗ ಅಳು ಬಂತು. ಯಾರಿಗಾಗಿ ಅಳುತ್ತಿದ್ದೇನೆ ಎಂದು ಮಾತ್ರ ಗೊತ್ತಾಗಲಿಲ್ಲ. ಕಾಕು ಎದ್ದು ಹೋಗಿ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟರು. ಅದರಲ್ಲಿ ಹೂಕೋಸು, ಪಾಲಕ, ಗಜ್ಜರಿ. ಮೇಲೆ ಕಡ್ಡಿಗಳು ಸವೆದು ಹಳದಿಯಾದ ಆ ಪುಟ್ಟ ಚಾಪೆ.

"ನಾಳಿ ಎಡಿ ಇಡೂದೈತ್ರಿ ಅವರಿಗೆ. ಇದಕ್ಕ ಶೇಂಗಾ ಎಷ್ಟ ಹಾಕ್ತಿದ್ರು, ನಿಮಗೇನರ ಗೊತ್ತೈತೇನ?"

"ಇಲ್ರಿ. ಬಾಗಲಾ ಹಾಕ್ಕೊಂಡ ಕಲಸ್ತಿದ್ರಲ್ಲ."

"ಅದನ್ನೂ ಹೇಳದ ಹೋದ್ರು ನೋಡ್ರಿ" ಎಂದು ಕಾಕು ತುರಿಮಣೆ ಎಳೆದುಕೊಂಡು ಕೂತರು. ಒಂದು ಹೂವು ತುರಿದು, ಹಿಂಡಿ, ಶೇಂಗಾ ಅಂದಾಜಿಗೆ ಹಾಕಿ ಕಲಸಿದರು. ಎಡೆಯದನ್ನು ಮೊದಲು ಬಾಯಿಗಿಡಬಾರದು ಎಂದು ಉಪ್ಪು ನೋಡಲಿಲ್ಲ. ಗೋಡೆಯ ಮೇಲಿನ ಫೋಟೋದ ಕಡೆ ಒಮ್ಮೆ ನೋಡಿದರು.

"ಒಂದ ದಿನಾನೂ ಇದನ್ನ ಬಾಯಾಗ ಇಟ್ಟ ಮನಷ್ಯಾ ಅಲ್ಲ. ಈಗರ ತಿನ್ನಲಿ."